ಹಂಪ್ ಬೇಕೋ ಬೇಡವೋ ಎಂದಷ್ಟೇ ಕೇಳಿದರೆ: ರಸ್ತೆ ಸುರಕ್ಷತಾ ಜನಾಭಿಪ್ರಾಯದ ಒಂದು ವಿಮರ್ಶೆ

ರಸ್ತೆ ಸುರಕ್ಷತಾ ಯೋಜನೆಗೆ ಜನರ ಅಭಿಪ್ರಾಯ ಕೇಳುವ ಸ್ಥಳೀಯ ಆಡಳಿತ ಸಾಮಾನ್ಯವಾಗಿ ನಾಲ್ಕು ಸಾಮಗ್ರಿ ಮುಂದಿಡುತ್ತದೆ: ಕರಪತ್ರ, ನಕ್ಷೆ, ಪ್ರಶ್ನಾವಳಿ, ಒಂದು ಸಂಜೆಯ ಸಭೆ. ಇದನ್ನೊಂದು ಸೇವೆ ಎಂದುಕೊಂಡು ಅಳೆದರೆ ನಕ್ಷೆಗೆ ಐದಕ್ಕೆ ನಾಲ್ಕು ಅಂಕ, ಪ್ರಶ್ನಾವಳಿಗೆ ಒಂದೂವರೆ. ಎಡವಟ್ಟೇನೆಂದರೆ, ಜನ ತುಂಬಿ ಕಳಿಸುವುದು ಪ್ರಶ್ನಾವಳಿಯನ್ನು; ನಕ್ಷೆ ಮಡಚಿದಂತೆಯೇ ಉಳಿಯುತ್ತದೆ.

‘ಬೀದಿಯನ್ನು ಸುರಕ್ಷಿತಗೊಳಿಸಲು ವೇಗಮಿತಿ ಇಳಿಸಿ ಹಂಪ್ ಹಾಕುವುದಕ್ಕೆ ಒಪ್ಪುತ್ತೀರಾ?’ ಈ ಮಾದರಿಯ ಪ್ರಶ್ನೆಯಲ್ಲಿ ಮೂರು ಸಂಗತಿಗಳನ್ನು ಒಂದೇ ಗಂಟು ಕಟ್ಟಲಾಗಿದೆ. ಸುರಕ್ಷತೆ ಬೇಡ ಎನ್ನುವವರು ಯಾರಿದ್ದಾರೆ? ವೇಗಮಿತಿ ಇರಲಿ, ಹಂಪ್ ಬೇಡ ಎನ್ನುವವರು ಯಾವ ಚೌಕಕ್ಕೆ ಗುರುತು ಹಾಕಬೇಕು? ಎಷ್ಟೇ ‘ಹೌದು’ ಬಂದರೂ ಒಂದು ಹಂಪನ್ನು ಹತ್ತು ಮೀಟರ್ ಆಚೆ ಸರಿಸುವಷ್ಟು ಮಾಹಿತಿಯೂ ಎಂಜಿನಿಯರ್‌ಗೆ ಅದರಿಂದ ಸಿಗದು. ಹಾಗಾಗಿ ಚೌಕಗಳನ್ನು ಬೇಗ ಮುಗಿಸಿ, ಕೊನೆಯಲ್ಲಿರುವ ‘ಇತರೆ ಅಭಿಪ್ರಾಯ’ದ ಖಾಲಿ ಜಾಗಕ್ಕೆ ಸಮಯ ಕೊಡುವುದು ಮೇಲು. ‘ಇಲ್ಲಿ ತುಂಬಾ ಅಪಾಯ’ ಎಂದು ಬರೆದರೆ ಯಾರೂ ಏನೂ ಮಾಡಲಾಗುವುದಿಲ್ಲ. ದೀಪದ ಕಂಬದ ಸಂಖ್ಯೆ, ವಾಹನ ಬರುವ ದಿಕ್ಕು, ಹೊತ್ತು, ಯಾರು ದಾಟುತ್ತಾರೆ, ನೋಟಕ್ಕೆ ಏನು ಅಡ್ಡ ಬರುತ್ತದೆ, ಇಷ್ಟು ಬರೆದರೆ ವಿನ್ಯಾಸ ಮಾಡಿದವರು ಸ್ಥಳಕ್ಕೆ ಹೋಗಿ ನೋಡಲು ಕಾರಣ ಸಿಗುತ್ತದೆ.

ಕರಪತ್ರದಲ್ಲಿ ಮೊದಲು ಹುಡುಕಬೇಕಾದ್ದು ವೇಗದ ಅಂಕಿ. ಸರಾಸರಿ ವೇಗವನ್ನಷ್ಟೇ ಕೊಟ್ಟಿದ್ದರೆ ತೃಪ್ತಿಪಡಬೇಡಿ. 85ನೇ ಶೇಕಡಾಂಕದ ವೇಗ, ಅಂದರೆ ನೂರರಲ್ಲಿ 85 ವಾಹನಗಳು ಮೀರದ ವೇಗ ಎಷ್ಟೆಂದು ಕೇಳಿ. ವೇಗ ಅಳೆಯಲು ರಸ್ತೆಗೆ ಅಡ್ಡಲಾಗಿ ಹಾಸುವ ರಬ್ಬರ್ ಕೊಳವೆಯನ್ನು ಎಲ್ಲಿ ಹಾಸಿದ್ದರು ಎಂಬುದೂ ಮುಖ್ಯ. ಜಂಕ್ಷನ್‌ಗೆ ಹತ್ತಿರ ಹಾಸಿದರೆ ವಾಹನಗಳು ಅದಾಗಲೇ ಬ್ರೇಕ್ ಒತ್ತಿರುತ್ತವೆ, ಅಂಕಿ ತಗ್ಗುತ್ತದೆ. ಶಾಲೆ ನಡೆಯುತ್ತಿರುವ ವಾರವೊಂದರಲ್ಲಿ ಪೂರ್ತಿ ಏಳು ದಿನ ಅಳೆದಿದ್ದರೆ ನಂಬಬಹುದು.

ವೇಗ ಗಂಟೆಗೆ 50ರಿಂದ 30ಕ್ಕೆ ಇಳಿಯುವ 20 ಕಿಲೋಮೀಟರ್ ವ್ಯತ್ಯಾಸಕ್ಕೆ ಇಷ್ಟೆಲ್ಲ ಗಲಾಟೆ ಏಕೆ ಎನ್ನುವವರಿಗೆ ಲೆಕ್ಕ ಸರಳ. 50ರ ವೇಗದ ಕಾರು, ಚಾಲಕನ ಕಾಲು ಬ್ರೇಕ್ ತಲುಪುವ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಓಡಿರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕ್ ಒತ್ತಿದರೆ 30ರ ವೇಗದ ಕಾರು ಅಷ್ಟೇ ದೂರದೊಳಗೆ ಪೂರ್ತಿ ನಿಂತಿರುತ್ತದೆ. ಈ ಒಂದು ಹೋಲಿಕೆ ಕರಪತ್ರದ ಮೊದಲ ಪುಟದಲ್ಲಿರಬೇಕು. ಅಲ್ಲಿರುವುದು ಹೆಚ್ಚಾಗಿ ನಗುವ ಮಕ್ಕಳ ಚಿತ್ರ.

ಇನ್ನು ನಕ್ಷೆ. 1:500 ಪ್ರಮಾಣದಲ್ಲಿ ಕಾಗದದ ಒಂದು ಸೆಂಟಿಮೀಟರ್ ನೆಲದ 5 ಮೀಟರ್. ಮನೆಯಲ್ಲಿ ಎ4 ಹಾಳೆಗೆ ಹೊಂದಿಸಿ ಮುದ್ರಿಸಿದರೆ ಈ ಲೆಕ್ಕ ಕೆಡುತ್ತದೆ. ಮೂಲೆಯಲ್ಲಿರುವ ಅಳತೆಪಟ್ಟಿಯನ್ನು ನೋಡಿಯೇ ಅಳೆಯಿರಿ. ಎರಡು ಹಂಪ್‌ಗಳ ನಡುವೆ 100 ಮೀಟರ್‌ಗಿಂತ ಹೆಚ್ಚು ಅಂತರವಿದ್ದರೆ ಚಾಲಕರು ನಡುವೆ ಮತ್ತೆ ವೇಗ ಹಿಡಿಯುತ್ತಾರೆ, ಬ್ರೇಕ್ ಮತ್ತು ಗೇರಿನ ಸದ್ದು ಮನೆಗಳಿಗೆ ಉಚಿತ. ಬಸ್ಸು, ಆಂಬುಲೆನ್ಸ್ ಚಕ್ರಗಳ ನಡುವೆ ಹಾದುಹೋಗುವ ಸುಮಾರು 1.6 ಮೀಟರ್ ಅಗಲದ ಕುಶನ್ (ರಸ್ತೆಯ ಪೂರ್ತಿ ಅಗಲಕ್ಕೆ ಹರಡದ ಕಿರಿದಾದ ಹಂಪ್) ತೋರಿಸಿದ್ದರೆ, ಪಕ್ಕದ ಸಂದಿಯಲ್ಲಿ ಬೈಕುಗಳು ವೇಗ ಇಳಿಸದೆ ನುಸುಳುತ್ತವೆ. ದ್ವಿಚಕ್ರ ವಾಹನವೇ ಸಮಸ್ಯೆಯಾಗಿರುವ ಬೀದಿಗೆ ಅದು ಮದ್ದಲ್ಲ.

ಪದೇ ಪದೇ ತಪ್ಪುವುದು ಮಳೆನೀರಿನ ಲೆಕ್ಕ. ಅಂಚಿನಿಂದ ಅಂಚಿಗೆ ಹಾಸಿದ ಹಂಪ್ ಇಳಿಜಾರಿನಲ್ಲಿ ಕಟ್ಟೆಯಂತೆ ನಿಲ್ಲುತ್ತದೆ; ಅದರ ಮೇಲ್ಬದಿಯಲ್ಲಿ ಜಾಲರಿಯ ಚರಂಡಿ ಬಾಯಿ ಇಲ್ಲದಿದ್ದರೆ ನೀರು ನಿಂತು ಡಾಂಬರು ಏಳುತ್ತದೆ. ಅಂಚಿನಲ್ಲಿ ಕಿರುಗಾಲುವೆ ಬಿಟ್ಟರೆ ನೀರು ಹೋಗುತ್ತದೆ, ಜೊತೆಗೆ ಬೈಕೂ ಹೋಗುತ್ತದೆ. ಚರಂಡಿ ಬಾಯಿಯನ್ನೇ ಮೇಲ್ಬದಿಗೆ ಸರಿಸುವುದು ಸರಿಯಾದ ದಾರಿ, ಖರ್ಚು ಹೆಚ್ಚಾದ್ದರಿಂದ ಮೊದಲು ಕೈಬಿಡುವುದೂ ಅದನ್ನೇ. ನಕ್ಷೆಯಲ್ಲಿ ಚರಂಡಿ ಬಾಯಿಗಳ ಗುರುತೇ ಇಲ್ಲದಿದ್ದರೆ ಲಿಖಿತವಾಗಿ ಕೇಳಿ.

ದಾಟುವವರು ರಸ್ತೆ ಮಧ್ಯದಲ್ಲಿ ನಿಲ್ಲುವ ತಂಗುದ್ವೀಪ, ದಾಟುವ ದಿಕ್ಕಿನಲ್ಲಿ 2 ಮೀಟರ್ ಇರಲಿ. ಸೈಕಲ್ಲೇ ಸುಮಾರು 1.8 ಮೀಟರ್ ಉದ್ದ, 1.2 ಮೀಟರ್ ದ್ವೀಪದಲ್ಲಿ ನಿಂತರೆ ಅದರ ಎರಡು ತುದಿಯೂ ವಾಹನದ ದಾರಿಗೆ ಚಾಚುತ್ತವೆ. ಜೀಬ್ರಾ ಪಟ್ಟೆಗೆ ಅಂಟಿಕೊಂಡು ಪಾರ್ಕಿಂಗ್ ಚೌಕ ಬರೆದಿದ್ದರೆ ಅದನ್ನೂ ಆಕ್ಷೇಪಿಸಿ: ನಿಂತ ಕಾರಿನ ಹಿಂದಿರುವ ಮಗು ಚಾಲಕನಿಗೆ ಕಾಣದು.

ಸಂಜೆಯ ಸಭೆ ಪರವಾಗಿಲ್ಲ. ದೊಡ್ಡ ದನಿಯವರು ಪಾರ್ಕಿಂಗ್ ಬಗ್ಗೆ ಮಾತಾಡಿ ಮುಗಿಸುತ್ತಾರೆ. ಗೋಡೆಗೆ ಅಂಟಿಸಿದ ನಕ್ಷೆಯ ಪಕ್ಕ ನಿಂತ ಎಂಜಿನಿಯರ್ ಬಳಿ ಐದು ನಿಮಿಷ ಸಿಕ್ಕಿದರೆ ಅದು ಸಭೆಗಿಂತ ಹೆಚ್ಚಿನ ಲಾಭ.

ಕೊನೆಗೆ ಬರುವ ಫಲಿತಾಂಶ ವರದಿಯಲ್ಲಿ ಪರ, ವಿರೋಧದ ಕಂಬಚಿತ್ರವನ್ನು ದಾಟಿ ಮುಂದೆ ಹೋಗಿ. ಇದು ಮತದಾನವಲ್ಲ, ಒಂದೇ ನಮೂನೆಯ ನೂರು ಪತ್ರಗಳಲ್ಲಿರುವುದು ಒಂದೇ ವಾದ. ಯಾವ ಸಲಹೆ ಬಂತು, ಒಪ್ಪಿದರೇ, ಇಲ್ಲವಾದರೆ ಏಕೆ, ನಕ್ಷೆಯಲ್ಲಿ ಏನು ಬದಲಾಯಿತು ಎಂಬ ಕೋಷ್ಟಕ ಇರಬೇಕು. ಕಾಮಗಾರಿಯ ನಂತರದ ವೇಗವನ್ನು ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ಯಾವ ತಿಂಗಳು ಅಳೆಯುತ್ತಾರೆಂದೂ ನಮೂದಾಗಿರಬೇಕು. ಅಪಘಾತ ಕಡಿಮೆಯಾಯಿತೆಂಬ ಮೊದಲ ವರ್ಷದ ಅಂಕಿಯನ್ನು ಇದಕ್ಕೆ ಬದಲಿಯಾಗಿ ಒಪ್ಪಬೇಡಿ. ತೀರಾ ಕೆಟ್ಟ ವರ್ಷವೊಂದನ್ನು ನೋಡಿ ಜಾಗ ಆರಿಸಿದ್ದರೆ, ಏನೂ ಮಾಡದಿದ್ದರೂ ಮರುವರ್ಷದ ಅಂಕಿ ಇಳಿಯುವ ಸಾಧ್ಯತೆಯೇ ಹೆಚ್ಚು. ಕಾಮಗಾರಿಗೆ ಮೊದಲಿನ ಮೂರರಿಂದ ಐದು ವರ್ಷಗಳ ಅಂಕಿಗೆ ನಂತರದ ಅಷ್ಟೇ ವರ್ಷಗಳ ಅಂಕಿಯನ್ನು ಹೋಲಿಸುವ ಹೊತ್ತಿಗೆ ಹಂಪ್ ಮೇಲಿನ ಬಿಳಿ ಬಣ್ಣ ಒಮ್ಮೆಯಾದರೂ ಅಳಿಸಿರುತ್ತದೆ. ಅದನ್ನು ಮತ್ತೆ ಬಳಿಯುವ ಹಣ ಯಾವ ಬಾಬ್ತಿನಲ್ಲಿದೆ ಎಂಬುದನ್ನೂ ಈಗಲೇ ಕೇಳಿಡಿ.