ಕಾಂಟ್ಯಾಕ್ಟ್ ಲೆನ್ಸ್: ದೊಡ್ಡ ಮಳಿಗೆ, ಆ್ಯಪ್ ಮತ್ತು ದುರ್ಗಿಗುಡಿಯ ಪುಟ್ಟ ಅಂಗಡಿ

ಮಳೆಗಾಲದಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ಬೈಕ್ ಓಡಿಸುವವರಿಗೆ ಕನ್ನಡಕದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಹೊರಗೆ ಜಡಿಮಳೆ, ಹೆಲ್ಮೆಟ್ಟಿನೊಳಗೆ ಉಸಿರಿನ ಹಬೆ. ಅದಕ್ಕಾಗಿಯೇ ನಾನು ಲೆನ್ಸಿಗೆ ಬದಲಾದೆ. ಎಡಗಣ್ಣಿಗೆ ಮೈನಸ್ 6.00 ಪವರ್, ಬಲಗಣ್ಣಿಗೆ ಸಿಲಿಂಡರ್ (ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಪವರ್) ಕೂಡ ಇರುವುದರಿಂದ ಅದನ್ನು ಸರಿದೂಗಿಸುವ ಟೋರಿಕ್ ಲೆನ್ಸೇ ಬೇಕು. ಶಿವಮೊಗ್ಗದ ದೊಡ್ಡ ಮಳಿಗೆಯೊಂದರಲ್ಲಿ, ಒಂದು ಆ್ಯಪ್‌ನಲ್ಲಿ, ಆಮೇಲೆ ಶಿವಮೊಗ್ಗದ್ದೇ ದುರ್ಗಿಗುಡಿಯ ಪುಟ್ಟ ಅಂಗಡಿಯಲ್ಲಿ ಕೊಂಡಿದ್ದೇನೆ. ಮೂರೂ ಕಡೆ ಸಿಕ್ಕಿದ್ದು ಒಂದೇ ಕಂಪನಿಯ ಒಂದೇ ಬಗೆಯ ಲೆನ್ಸ್. ಹೋಲಿಸಲು ಉಳಿದದ್ದು ಮಾರುವವರು ಮಾತ್ರ.

ಮಳಿಗೆಯಲ್ಲಿ ಪರೀಕ್ಷೆ ಉಚಿತ, ಯಂತ್ರವೂ ಹೊಸದು. ಆದರೆ ಕನ್ನಡಕದ ಸಂಖ್ಯೆಗಳನ್ನೇ ಲೆನ್ಸಿನ ಆರ್ಡರ್‌ಗೆ ಇಳಿಸಿಬಿಟ್ಟರು. ಕನ್ನಡಕದ ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ. ಹೀಗಾಗಿ ಪವರ್ 4.00 ದಾಟಿದರೆ ಲೆಕ್ಕ ಬದಲಾಗುತ್ತದೆ, ಮೈನಸ್ 6.00 ಇದ್ದವರಿಗೆ ಲೆನ್ಸಿನಲ್ಲಿ ಸುಮಾರು ಮೈನಸ್ 5.50 ಸಾಕು. ತಲೆನೋವೆಂದು ಹೇಳಿದರೆ 'ಅಭ್ಯಾಸವಾಗುತ್ತದೆ' ಎಂಬ ಉತ್ತರ. ಮತ್ತೆ ಹೋದಾಗ 'ಸೀಲ್ ಒಡೆದ ಪೆಟ್ಟಿಗೆ ವಾಪಸ್ ಇಲ್ಲ' ಎಂದರು. ಹಾಕಿ ನೋಡದೆ ತಲೆನೋವು ಬರುತ್ತದೆಯೇ? ಬೇಸ್ ಕರ್ವ್ (ಲೆನ್ಸಿನ ಒಳಬಾಗು), ವ್ಯಾಸ ಸೇರಿಸಿ ಚೀಟಿ ಬರೆದುಕೊಡಿ ಎಂದು ಕೇಳಿದ್ದಕ್ಕೆ, ಕಂಪ್ಯೂಟರಿನಲ್ಲಿ ಆ ಜಾಗವೇ ಇಲ್ಲ ಎಂದು ಬೆಂಗಳೂರಿನ ಫೋನ್ ಸಂಖ್ಯೆ ಕೊಟ್ಟು ಕಳಿಸಿದರು. ಅಲ್ಲಿ ಎತ್ತಿದವರು ಮತ್ತೆ ಶಿವಮೊಗ್ಗದ ಮಳಿಗೆಯನ್ನೇ ಕೇಳಿ ಎಂದರು. ನನ್ನ ಕಣ್ಣಿನ ವಿವರ ನನಗೇ ಕೊಡದ ಈ ನಡವಳಿಕೆಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಆ್ಯಪ್‌ನಲ್ಲಿ ಬೆಲೆ ಕಡಿಮೆ, ಅದನ್ನು ಒಪ್ಪಬೇಕು. ಊರಿನವರೆಗೆ ತಲುಪಿಸುವ ಮಾತು ಮಾತ್ರ ಕಾಗದದ ಮೇಲಿನದು. ಕೊರಿಯರ್‌ನವರು ತೀರ್ಥಹಳ್ಳಿಯಲ್ಲೇ ಇಟ್ಟುಕೊಂಡು 'ಬಂದು ಒಯ್ಯಿರಿ' ಎನ್ನುತ್ತಾರೆ. ನಾನು ಹಾಕಿದ ಆರ್ಡರ್‌ನಲ್ಲಿ ಬಲಗಣ್ಣಿನ ಆ್ಯಕ್ಸಿಸ್ (ಸಿಲಿಂಡರ್ ಯಾವ ದಿಕ್ಕಿಗೆ ಎಂದು ಹೇಳುವ ಡಿಗ್ರಿ) 170, ಬಂದ ಪೆಟ್ಟಿಗೆಯ ಮೇಲೆ 70. ಟೋರಿಕ್ ಲೆನ್ಸಿನಲ್ಲಿ ಇಷ್ಟು ವ್ಯತ್ಯಾಸವಾದರೆ ದೃಷ್ಟಿ ಸರಿಯಾಗುವ ಬದಲು ಇನ್ನಷ್ಟು ಮಸುಕಾಗುತ್ತದೆ. ದೂರು ಕೊಟ್ಟರೆ ಚಾಟ್‌ನಲ್ಲಿ ಯಂತ್ರದ ಉತ್ತರ. ಯಾರೂ ಏನೂ ಮಾಡದಿದ್ದರೂ 'ನಿಮ್ಮ ದೂರು ಪರಿಹಾರವಾಗಿದೆ' ಎಂಬ ಸಂದೇಶ. ಫೋನಿನಲ್ಲಿ ಸಿಕ್ಕವರಿಗೆ ಕನ್ನಡ ಬಾರದು, ಆ್ಯಕ್ಸಿಸ್ ಎಂದರೇನೆಂದೂ ತಿಳಿಯದು.

ಕೆಲಸಕ್ಕೆ ಬಂದದ್ದು ಕಾನೂನು. 2020ರ ಗ್ರಾಹಕ ಸಂರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಯೊಳಗೆ ತಿಳಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆ ಅಧಿಕಾರಿಗೇ ಪೆಟ್ಟಿಗೆಯ ಫೋಟೊ ಸಮೇತ ಬರೆದ ಮೇಲೆ ಬದಲಿ ಪೆಟ್ಟಿಗೆ ಬಂತು. ಅಲ್ಲಿಯೂ ಕದಲದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. 2019ರ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು. ಕಂಪನಿ ಎಲ್ಲಿಯದಾದರೂ ಶಿವಮೊಗ್ಗ ಬಿಟ್ಟು ಹೋಗಬೇಕಾಗಿಲ್ಲ. ಮನೆಗೆ ಬಂದ ಪೆಟ್ಟಿಗೆಯನ್ನು ಒಡೆಯುವ ಮೊದಲು ಪ್ರತಿಯೊಂದು ಸಂಖ್ಯೆಯನ್ನೂ ಓದಿ, ಫೋಟೊ ತೆಗೆದಿಡಿ.

ದುರ್ಗಿಗುಡಿಯ ಅಂಗಡಿಯಲ್ಲಿ ರಿಯಾಯಿತಿ ಇಲ್ಲ, ಟೋರಿಕ್ ದಾಸ್ತಾನೂ ಇಲ್ಲ, ಹೇಳಿಟ್ಟರೆ ತರಿಸಲು ವಾರವಾದರೂ ಬೇಕು. ಆದರೆ ಅಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೊಮೆಟ್ರಿಸ್ಟ್ ಪ್ರಯೋಗದ ಲೆನ್ಸ್ ಹಾಕಿ, ಅದು ಕಣ್ಣಿನಲ್ಲಿ ನೆಲೆಯಾಗುವವರೆಗೆ ಕೂರಿಸಿ, ಸ್ಲಿಟ್ ಲ್ಯಾಂಪ್ ಎಂಬ ಕಣ್ಣಿನ ಸೂಕ್ಷ್ಮದರ್ಶಕದಲ್ಲಿ ಲೆನ್ಸಿನ ಮೇಲಿನ ಗೆರೆ ಎತ್ತ ತಿರುಗಿದೆ ಎಂದು ನೋಡಿದರು. ಟೋರಿಕ್ ಲೆನ್ಸಿಗೆ ಆ ಗುರುತನ್ನು ಹಾಕಿರುವುದೇ ಇದಕ್ಕಾಗಿ. ನೋಡಿದ ಮೇಲೆಯೇ ಸಂಖ್ಯೆಗಳನ್ನು ಬರೆದರು, ಕೇಳುವ ಮೊದಲೇ ಚೀಟಿ ಕೈಗಿತ್ತರು. ಗುಡ್ಡದಿಂದ ಬರುವ ಅಬ್ಬಿಯ ನೀರು ಎಷ್ಟೇ ತಿಳಿಯಾಗಿದ್ದರೂ ಲೆನ್ಸಿಗೆ ತಾಗಬಾರದು, ಅಕಾಂತಮೀಬದಂಥ ಸೂಕ್ಷ್ಮಜೀವಿ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನೇ ಹಾಳು ಮಾಡಬಲ್ಲದು ಎಂದು ತಿಳಿಹೇಳಿದವರು ಅವರೊಬ್ಬರೇ. ತೋಟಕ್ಕೆ ಬೋರ್ಡೋ (ಕೊಳೆರೋಗದ ಔಷಧಿ) ಹೊಡೆಯುವ ದಿನ ಕನ್ನಡಕವೇ ಇರಲಿ ಎಂದೂ ಸೇರಿಸಿದರು. ಮಲೆನಾಡಿನ ಬದುಕು ಗೊತ್ತಿದ್ದವರ ಮಾತು ಅದು.

ಒಮ್ಮೆ ಹೊಸ ಪೆಟ್ಟಿಗೆಯ ಲೆನ್ಸೊಂದು ಹರಿದೇ ಬಂದಿತ್ತು. ಫೋನ್ ಮಾಡಿದರೆ ಅವರೇ ಎತ್ತಿದರು. ಫೋಟೊ ನೋಡಿ, ಕಂಪನಿಯವರೊಡನೆ ತಾವೇ ಮಾತನಾಡಿ, ಬದಲಿ ಲೆನ್ಸನ್ನು ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದರು.

ಈಗ ಲೆನ್ಸ್ ಕೊಳ್ಳುವುದು ದುರ್ಗಿಗುಡಿಯಲ್ಲೇ. ತೊಳೆಯುವ ದ್ರಾವಣವನ್ನು ಮಾತ್ರ ಅಗ್ಗವಾಗಿದ್ದಾಗ ಆ್ಯಪ್‌ನಿಂದ ತರಿಸುತ್ತೇನೆ. ಸೀಲ್ ಮತ್ತು ಅವಧಿ ದಿನಾಂಕ ನೋಡಿಕೊಂಡರೆ ಅದರಲ್ಲಿ ಮೋಸ ಹೋಗುವ ಸಂದರ್ಭ ಕಡಿಮೆ. ಟೋರಿಕ್ ಬೇಕಾದವರು ಮೇ ತಿಂಗಳಲ್ಲೇ ಹೇಳಿಟ್ಟರೆ ಮಳೆ ಹಿಡಿಯುವ ಹೊತ್ತಿಗೆ ಪೆಟ್ಟಿಗೆ ಕೈಯಲ್ಲಿರುತ್ತದೆ.