ಪಿಯುಸಿ ಸೈನ್ಸ್ ಮುಗಿಸಿದವರಿಗೂ ಫೌಂಡೇಶನ್ ವರ್ಷ ಅಂಟಿಸುತ್ತಿದ್ದಾರೆ, ಹಣ ಕಟ್ಟುವ ಮೊದಲು ಓದಿ

ಪಿಯುಸಿ ರಿಸಲ್ಟ್ ಬಂದ ಕೂಡಲೇ ಗದಗ, ಹಾವೇರಿ ಕಡೆಯಿಂದ ಎಷ್ಟೋ ತಂದೆ-ತಾಯಿ ಮಕ್ಕಳನ್ನು ಕರೆದುಕೊಂಡು ಹುಬ್ಬಳ್ಳಿ ಬಸ್ ಹತ್ತುತ್ತಾರೆ. ಯುಕೆಯಲ್ಲಿ ಕಂಪ್ಯೂಟರ್ ಡಿಗ್ರಿ ಕೊಡಿಸುತ್ತೇವೆ ಎನ್ನುವ ಏಜೆನ್ಸಿಗಳಿಗೆ ಎಡತಾಕುತ್ತಾರೆ. ಅಲ್ಲಿ ಎಷ್ಟೋ ಜನರಿಗೆ ಮೊದಲು ಫೌಂಡೇಶನ್, ಅಂದರೆ ಡಿಗ್ರಿಗೆ ಮೊದಲಿನ ತಯಾರಿ ವರ್ಷ, ಅಂಟಿಸುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ತಮ್ಮನಿಗೆ ಆದದ್ದು ಇನ್ನೊಬ್ಬರ ಮಕ್ಕಳಿಗೆ ಆಗಬಾರದು.

ತಮ್ಮನದು ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಕಂಪ್ಯೂಟರ್ ಸೈನ್ಸ್). ಗಣಿತದಲ್ಲಿ 88 ಬಂದಿತ್ತು. ಹುಬ್ಬಳ್ಳಿಯ ಏಜೆನ್ಸಿಯೊಂದರಲ್ಲಿ ಕೌನ್ಸೆಲರ್ ಅವನ ಮಾರ್ಕ್ಸ್ ಕಾರ್ಡ್ ಸರಿಯಾಗಿ ನೋಡಲೂ ಇಲ್ಲ. "ನಮ್ಮ ಪಿಯುಸಿ ಅಲ್ಲಿ ನಡೆಯಂಗಿಲ್ರೀ ಸರ. ಎಲ್ಲಾರೂ ಒಂದು ವರ್ಷ ಫೌಂಡೇಶನ್ ಮಾಡಬೇಕು. ಅದೂ ಡಿಗ್ರಿ ಒಳಗೇ ಬರ್ತದ" ಎಂದು ಅಪ್ಪನಿಗೆ ಹೇಳಿದರು. ಇದರಲ್ಲಿ ಒಂದು ಮಾತೂ ನಿಜ ಆಗಿರಲಿಲ್ಲ.

ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಸಾಮಾನ್ಯವಾಗಿ 3 ವರ್ಷ. ಸ್ಕಾಟ್ಲೆಂಡಿನಲ್ಲಿ 4, ಆದರೆ ಅದು ಅಲ್ಲಿನ ಪದ್ಧತಿ, ಫೌಂಡೇಶನ್‌ಗೂ ಅದಕ್ಕೂ ಸಂಬಂಧ ಇಲ್ಲ. ಇಂಗ್ಲೆಂಡಿನಲ್ಲಿ ಡಿಗ್ರಿಯ ಮೊದಲ ವರ್ಷವನ್ನು 4ನೇ ಹಂತ, ಕೊನೆಯ ವರ್ಷವನ್ನು 6ನೇ ಹಂತ ಎಂದು ಲೆಕ್ಕ ಹಿಡಿಯುತ್ತಾರೆ. ಫೌಂಡೇಶನ್ 3ನೇ ಹಂತದ್ದು, ಅಲ್ಲಿನ ಮಕ್ಕಳು ವಿಶ್ವವಿದ್ಯಾಲಯಕ್ಕೆ ಮೊದಲು ಓದುವ ಎ-ಲೆವೆಲ್‌ಗೆ ಸಮ. ಪಿಯುಸಿಯಲ್ಲಿ ಗಣಿತ ಇಲ್ಲದ ಆರ್ಟ್ಸ್, ಕಾಮರ್ಸ್ ವಿದ್ಯಾರ್ಥಿಗಳಿಗೆ, ಅಂಕ ಕಡಿಮೆ ಬಿದ್ದವರಿಗೆ ಅದು ಒಳ್ಳೆಯ ದಾರಿಯೇ. ಅಂಥವರು ಧಾರಾಳವಾಗಿ ಹೋಗಲಿ. ಆದರೆ ಗಣಿತದಲ್ಲಿ ಒಳ್ಳೆಯ ಅಂಕ ಇರುವ ಹುಡುಗನಿಗೆ ಅದು ಯಾಕೆ? ತಮ್ಮ ಅಲ್ಲಿ ಕೂತು ಮತ್ತೆ ಡಿಫರೆನ್ಸಿಯೇಶನ್, ಮ್ಯಾಟ್ರಿಕ್ಸ್ ಕಲಿತ. ಅವೆಲ್ಲ ಗದಗದ ಕಾಲೇಜಿನಲ್ಲೇ ಮುಗಿದಿದ್ದವು.

ಇನ್ನೂ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಫೌಂಡೇಶನ್‌ನಲ್ಲಿ ಎರಡು ಬಗೆ ಇದೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು, ವಿಶ್ವವಿದ್ಯಾಲಯವೇ ನಡೆಸುವ 4 ವರ್ಷದ ಒಂದೇ ಕೋರ್ಸ್. ಸಾಮಾನ್ಯವಾಗಿ ಪ್ರವೇಶ ಒಂದೇ, ವೀಸಾ ಒಂದೇ. ಇನ್ನೊಂದು, ವಿಶ್ವವಿದ್ಯಾಲಯದ ಹೆಸರು ಹಾಕಿಕೊಂಡು ಬೇರೆ ಖಾಸಗಿ ಸಂಸ್ಥೆ ನಡೆಸುವ ಪಾಥ್‌ವೇ ಕಾಲೇಜು. ಅಲ್ಲಿ ವೀಸಾ ಸಿಗುವುದು ಸಾಮಾನ್ಯವಾಗಿ ಫೌಂಡೇಶನ್‌ಗೆ ಮಾತ್ರ. ಅವರು ಹೇಳಿದಷ್ಟು ಅಂಕ ತೆಗೆದರಷ್ಟೇ ಡಿಗ್ರಿ ಸೀಟು. ಆಮೇಲೆ ಮತ್ತೆ ವೀಸಾ ಅರ್ಜಿ, ಮತ್ತೆ ಶುಲ್ಕ, ಮತ್ತೆ ಆರೋಗ್ಯ ಸರ್‌ಚಾರ್ಜ್ (ಅಲ್ಲಿನ ಸರ್ಕಾರಿ ಚಿಕಿತ್ಸೆಗಾಗಿ ವೀಸಾ ಜೊತೆ ಕಟ್ಟುವ ಹಣ). ವಿದ್ಯಾರ್ಥಿಗಳಿಗೆ ಈ ಸರ್‌ಚಾರ್ಜ್ ಒಂದೇ ವರ್ಷಕ್ಕೆ 776 ಪೌಂಡ್.

ತಮ್ಮನನ್ನು ಸೇರಿಸಿದ್ದು ಈ ಎರಡನೆಯ ಬಗೆಗೆ. ಏಜೆನ್ಸಿ ಕೊಟ್ಟ ಬ್ರೋಷರ್ ಮೇಲೆ ವಿಶ್ವವಿದ್ಯಾಲಯದ ಹೆಸರು ದಪ್ಪ ಅಕ್ಷರದಲ್ಲಿತ್ತು, ಕಾಲೇಜಿನ ಹೆಸರು ಕೊನೆಯ ಪುಟದಲ್ಲಿ ಸಣ್ಣಗೆ. ವಾರಕ್ಕೆ 20 ಗಂಟೆ ಕೆಲಸ ಮಾಡಿ ಖರ್ಚು ತೂಗಿಸಬಹುದು ಎಂದೂ ನಂಬಿಸಿದ್ದರು. ಡಿಗ್ರಿಗಿಂತ ಕೆಳಗಿನ ಕೋರ್ಸಿನ ವೀಸಾದಲ್ಲಿ ತರಗತಿ ನಡೆಯುವಾಗ ವಾರಕ್ಕೆ 10 ಗಂಟೆ ಮಾತ್ರ ಕೆಲಸಕ್ಕೆ ಅವಕಾಶ. ಇದು ಅವನಿಗೆ ಗೊತ್ತಾದದ್ದು ಅಲ್ಲಿ ಇಳಿದ ಮೇಲೆ. ಪ್ರತಿ ತಿಂಗಳ ಬಾಡಿಗೆಗೂ ಅಪ್ಪನೇ ದುಡ್ಡು ಕಳಿಸಬೇಕಾಯಿತು.

ವರ್ಷದ ಕೊನೆಗೆ ಅವನು ಪಾಸಾದ. ಗಣಿತದಲ್ಲಿ ಚೆನ್ನಾಗಿಯೇ ಬಂತು. ಆದರೆ ಅಕಾಡೆಮಿಕ್ ಇಂಗ್ಲಿಷ್ ವಿಷಯದಲ್ಲಿ ಕಂಪ್ಯೂಟರ್ ಸೈನ್ಸ್‌ಗೆ ಕೇಳಿದ ಅಂಕಕ್ಕಿಂತ ಸ್ವಲ್ಪ ಕಡಿಮೆ. ಬಿಸಿನೆಸ್ ಸೀಟು ಕೊಡುತ್ತೇವೆ, ಬೇಕಾದರೆ ತಗೋ ಎಂದರು. ಅಷ್ಟು ದೂರ ಹೋದದ್ದು ಬಿಸಿನೆಸ್ ಓದಲಿಕ್ಕಾ? ಅವತ್ತು ರಾತ್ರಿ ಫೋನಿನಲ್ಲಿ "ಅಕ್ಕಾ, ಅಪ್ಪಗ ಹೆಂಗ ಹೇಳಲಿ" ಎಂದು ಅತ್ತ.

ನಾನು ಆ ವಿಶ್ವವಿದ್ಯಾಲಯದ ಪ್ರವೇಶ ವಿಭಾಗಕ್ಕೆ ನೇರವಾಗಿ ಇಮೇಲ್ ಬರೆದೆ. ಅವನ ಪಿಯುಸಿ ಅಂಕ ಕಳಿಸಿ, ಫೌಂಡೇಶನ್ ಇಲ್ಲದೆ ಮೊದಲ ವರ್ಷಕ್ಕೆ ಅರ್ಜಿ ಹಾಕಬಹುದಿತ್ತಾ ಎಂದು ಕೇಳಿದೆ. ಹಾಕಬಹುದಿತ್ತು ಎಂದು ಉತ್ತರ ಬಂತು. ಅದನ್ನು ಓದಿದಾಗ ಆದ ಸಂಕಟ ಈಗಲೂ ಹೋಗಿಲ್ಲ. ಭಾರತದ ವಿದ್ಯಾರ್ಥಿಗಳಿಗೆ 12ನೇ ತರಗತಿಯಲ್ಲಿ ಎಷ್ಟು ಅಂಕ ಬೇಕು ಎಂದು ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ತಮ್ಮ ವೆಬ್‌ಸೈಟಿನಲ್ಲೇ ಹಾಕಿರುತ್ತವೆ. ಮೊದಲು ಆ ಪುಟ ತೆಗೆದು ನೋಡಿ. ತಿಳಿಯದಿದ್ದರೆ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ, ಅದಕ್ಕೆ ದುಡ್ಡು ಬೀಳುವುದಿಲ್ಲ. ಏಜೆಂಟರಿಗೆ ವಿದ್ಯಾರ್ಥಿ ಸೇರಿದ ಮೇಲೆ ಆ ಕಡೆಯಿಂದ ಕಮಿಷನ್ ಬರುತ್ತದೆ ಎನ್ನುವುದು ನೆನಪಿರಲಿ. ನಮ್ಮ ಏಜೆನ್ಸಿ ಅದರ ಮೇಲೆ ಫೈಲ್ ಚಾರ್ಜ್ ಅಂತ ಅಪ್ಪನಿಂದಲೂ ತಗೊಂಡಿತ್ತು.

ಇನ್ನು ಸಾಲದ ವಿಷಯ. ಶುಲ್ಕ, ಊಟ, ಬಾಡಿಗೆ ಸೇರಿ 28 ಲಕ್ಷ ದಾಟಿತ್ತು. ಶಿಕ್ಷಣ ಸಾಲ 7.5 ಲಕ್ಷಕ್ಕಿಂತ ಜಾಸ್ತಿ ಆದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿ ಅಡ ಕೇಳುತ್ತವೆ. ಬೆಟಗೇರಿಯ ಮನೆಯ ಕಾಗದಪತ್ರ ಬ್ಯಾಂಕಿನಲ್ಲಿವೆ. ಓದು ಮುಗಿಯುವ ತನಕ ಕಂತು ಕಟ್ಟುವುದು ಬೇಡ ಎನ್ನುತ್ತಾರೆ ನಿಜ, ಆದರೆ ಬಡ್ಡಿ ದುಡ್ಡು ಕೊಟ್ಟ ದಿನದಿಂದಲೇ ಬೆಳೆಯುತ್ತದೆ. ಮನೆಯವರು ಸಹಿ ಹಾಕುವ ಮೊದಲು ಇದನ್ನು ಮ್ಯಾನೇಜರ್ ಬಾಯಿಂದ ಕೇಳಿ ತಿಳಿದುಕೊಳ್ಳಲಿ.

ತಮ್ಮ ಈಗ ಧಾರವಾಡದಲ್ಲಿ ಬಿಸಿಎ ಮೊದಲ ವರ್ಷದಲ್ಲಿದ್ದಾನೆ. ಆ ಫೌಂಡೇಶನ್ ವರ್ಷ ಇಲ್ಲಿ ಯಾವ ಲೆಕ್ಕಕ್ಕೂ ಬರಲಿಲ್ಲ. ವಾಪಸ್ ಬರುವ ಹೊತ್ತಿಗೆ ಇಲ್ಲಿನ ಅಡ್ಮಿಶನ್ ಮುಗಿದಿತ್ತು, ಹಾಗಾಗಿ ಮತ್ತೊಂದು ವರ್ಷವೂ ಹೋಯಿತು. ಹುಡುಗ ಚುರುಕು, ಓದುತ್ತಾನೆ. ಆದರೂ ಜೊತೆಯವರು ಮೂರನೇ ವರ್ಷದಲ್ಲಿರುವಾಗ ಇವನು ಮೊದಲ ಬೆಂಚಿನಿಂದ ಶುರು ಮಾಡುವುದನ್ನು ನೋಡಲು ನಮಗೇ ಆಗುವುದಿಲ್ಲ.

ಹಣ ಕಟ್ಟುವ ಮೊದಲು ಏಜೆನ್ಸಿಯಿಂದ ಇಷ್ಟನ್ನು ಬರಹದಲ್ಲಿ ಪಡೆಯಿರಿ: ಫೌಂಡೇಶನ್ ನಡೆಸುವವರು ಯಾರು, ವೀಸಾ ಪೂರ್ತಿ ಡಿಗ್ರಿಗೋ ಒಂದು ವರ್ಷಕ್ಕೋ, ಕಂಪ್ಯೂಟರ್ ಸೈನ್ಸ್‌ಗೆ ಹೋಗಲು ಯಾವ ವಿಷಯದಲ್ಲಿ ಎಷ್ಟು ಅಂಕ ಬೇಕು. ಬಾಯಿಮಾತು ಸಾಲದು. ಬರೆದು ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ.

ಈಗಾಗಲೇ ಕಟ್ಟಿದವರು ರಸೀದಿ, ಬ್ರೋಷರ್, ವಾಟ್ಸ್ಆ್ಯಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಸಾಮಾನ್ಯವಾಗಿ 2 ವರ್ಷದ ಗಡುವು ಇದೆ. ನಾವು ದೂರು ಕೊಟ್ಟಿದ್ದೇವೆ.