ಈಮ್ಯಾಕ್ಸ್: ಎಲ್ಲ ಚೆನ್ನ, ಕರ್ಸರ್ ಒಂದು ಬಿಟ್ಟು

ಈಮ್ಯಾಕ್ಸ್ ಅನ್ನುವ ಟೆಕ್ಸ್ಟ್ ಎಡಿಟರ್ ಬಗ್ಗೆ ಹೊಗಳಿಕೆ ಬೇಕಾದಷ್ಟು ಸಿಗುತ್ತದೆ, ಅದಕ್ಕೆ ನಾನು ಇನ್ನೊಂದು ಸೇರಿಸುವುದಿಲ್ಲ. ಕೋಡ್, ಟಿಪ್ಪಣಿ, ಕನ್ನಡ ಬರಹ ಎಲ್ಲವನ್ನೂ ವರ್ಷಗಳಿಂದ ಇದರಲ್ಲೇ ಮಾಡುತ್ತಿದ್ದೇನೆ. ಬಿಡುವ ಯೋಚನೆಯೂ ಇಲ್ಲ. ಆದರೆ ಹೊಸಬರಿಗೆ ಯಾರೂ ಮೊದಲೇ ಹೇಳದ ಒಂದು ವಿಷಯ ಇದೆ. ಇಲ್ಲಿ ಕರ್ಸರನ್ನು ಒಂದು ಕಡೆ ಬಿಟ್ಟು ಇನ್ನೊಂದು ಕಡೆ ನೋಡಿಕೊಂಡು ಬರಲು ಆಗುವುದಿಲ್ಲ.

ಉದ್ದದ ಫೈಲಿನಲ್ಲಿ 900ನೇ ಸಾಲು ತಿದ್ದುತ್ತಿದ್ದೀರಿ ಅಂದುಕೊಳ್ಳಿ. ಮೇಲೆಲ್ಲೋ ಒಂದು ಫಂಕ್ಷನ್ ಹೆಸರು ಏನಿತ್ತು ಅಂತ ನೋಡಬೇಕು. ಮೌಸಿನ ಚಕ್ರ ತಿರುಗಿಸಿ ಮೇಲೆ ಹೋಗುತ್ತೀರಿ, ನೋಡುತ್ತೀರಿ, ಹಾಗೇ ಟೈಪ್ ಮಾಡಲು ಶುರು ಮಾಡುತ್ತೀರಿ. ವಿಎಸ್ ಕೋಡ್ ಎಡಿಟರ್ ಆಗಿದ್ದರೆ ತಾನಾಗಿ 900ನೇ ಸಾಲಿಗೆ ಹಾರಿ ಅಕ್ಷರವನ್ನು ಅಲ್ಲೇ ಹಾಕುತ್ತಿತ್ತು. ಈಮ್ಯಾಕ್ಸ್ ಹಾಗಲ್ಲ. ಕರ್ಸರ್ ಇದ್ದ ಸಾಲು ಪರದೆಯ ಅಂಚು ಮುಟ್ಟಿದ ಕೂಡಲೇ ಅದನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಟೈಪ್ ಮಾಡಿದ್ದು ನೀವು ಸುಮ್ನೆ ನೋಡಲು ಹೋದ ಜಾಗದಲ್ಲೇ ಬೀಳುತ್ತದೆ.

ಇದನ್ನು ಬಗ್ ಅಂತ ಎಲ್ಲಿಯೂ ದೂರು ಕೊಡಬೇಡಿ, ಕಟ್ಟಿರುವುದೇ ಹಾಗೆ. ಕರ್ಸರ್ ಇರುವ ಜಾಗಕ್ಕೆ ಇಲ್ಲಿ ಪಾಯಿಂಟ್ ಅನ್ನುತ್ತಾರೆ. ಪ್ರತಿ ವಿಂಡೋಗೂ (ಫೈಲ್ ತೋರಿಸುವ ಪರದೆಯ ಒಂದೊಂದು ಭಾಗಕ್ಕೂ) ತನ್ನದೇ ಪಾಯಿಂಟ್ ಇರುತ್ತದೆ, ಅದು ಆ ವಿಂಡೋದಲ್ಲಿ ಕಾಣುವ ಭಾಗದ ಒಳಗೇ ಇರಬೇಕು. ಪರದೆ ಬರೆಯುವ ಎಂಜಿನ್ ಪ್ರತಿ ಸಲವೂ ಇದನ್ನು ಪರೀಕ್ಷೆ ಮಾಡುತ್ತದೆ. ನೀವು ಸ್ಕ್ರೋಲ್ ಮಾಡಿದ್ದರೆ ಪಾಯಿಂಟ್ ಸರಿಯುತ್ತದೆ, ಪಾಯಿಂಟ್ ದೂರ ಹಾರಿದ್ದರೆ ಪರದೆ ಸರಿಯುತ್ತದೆ. ಎಂಜಿನ್ ಹಳೆಯದು ಅಂತ ಬೈಯುವವರಿದ್ದಾರೆ. ಅದು ಪೂರ್ತಿ ನಿಜ ಅಲ್ಲ. 2001ರ 21ನೇ ಆವೃತ್ತಿಗೆ ಗೆರ್ಡ್ ಮೋಲ್‌ಮನ್ ಇದನ್ನು ಹೊಸದಾಗಿ ಬರೆದರು, ಚಿತ್ರಗಳು ಮತ್ತು ಬೇರೆ ಬೇರೆ ಎತ್ತರದ ಅಕ್ಷರಗಳು ಬಂದದ್ದು ಆಗಲೇ. 2012ರಲ್ಲಿ ಬಲದಿಂದ ಎಡಕ್ಕೆ ಬರೆಯುವ ಲಿಪಿಗಳೂ ಬಂದವು. ಪಾಯಿಂಟಿನ ನಿಯಮ ಮಾತ್ರ ಕದಲಲಿಲ್ಲ.

ಈ ಬಗ್ಗೆ ಕೇಳಿದರೆ ಜನ ಕೊಡುವ ಸಲಹೆ ಒಂದೇ, ಸ್ಕ್ರೋಲ್-ಕನ್ಸರ್ವೇಟಿವ್ಲಿ ಅನ್ನುವ ಸೆಟ್ಟಿಂಗಿಗೆ 101 ಕೊಡಿ, ಸ್ಕ್ರೋಲ್-ಪ್ರಿಸರ್ವ್-ಸ್ಕ್ರೀನ್-ಪೊಸಿಷನ್ ಆನ್ ಮಾಡಿ. ಮಾಡಿ, ಒಳ್ಳೆಯದೇ. ಮೊದಲನೆಯದರಿಂದ ಕರ್ಸರ್ ಅಂಚು ದಾಟಿದಾಗ ಪರದೆ ದಿಢೀರನೆ ಹಾರುವುದು ನಿಲ್ಲುತ್ತದೆ, ಎರಡನೆಯದರಿಂದ ಪುಟ ತಿರುಗಿಸಿದರೂ ಕರ್ಸರ್ ಪರದೆಯ ಅದೇ ಎತ್ತರದಲ್ಲಿ ಉಳಿಯುತ್ತದೆ. ಆದರೆ ಕರ್ಸರ್ ಪರದೆಯ ಆಚೆ ಉಳಿಯುವುದಿಲ್ಲ, ಕೇಳಿದ್ದು ಅದನ್ನಲ್ವಾ? 29ನೇ ಆವೃತ್ತಿಯಲ್ಲಿ ಬಂದ ಪಿಕ್ಸೆಲ್-ಸ್ಕ್ರೋಲ್-ಪ್ರಿಸಿಷನ್ ಮೋಡ್ ಕೂಡ ಹಾಗೇ. ದೊಡ್ಡ ಚಿತ್ರಗಳಿರುವ ಫೈಲಿನಲ್ಲಿ ಬೆಣ್ಣೆಯ ಹಾಗೆ ಜಾರುತ್ತದೆ, ಕರ್ಸರನ್ನೂ ಜೊತೆಗೆ ಜಾರಿಸುತ್ತದೆ.

ನಾನು ಮಾಡುವುದು ಇಷ್ಟೇ. ಕಂಟ್ರೋಲ್-ಎಕ್ಸ್ 2 ಒತ್ತಿ ವಿಂಡೋ ಎರಡು ಮಾಡುತ್ತೇನೆ. ಎರಡಕ್ಕೂ ಬೇರೆ ಬೇರೆ ಪಾಯಿಂಟ್ ಇರುವುದರಿಂದ ಒಂದರಲ್ಲಿ ಸುತ್ತಾಡಿದರೂ ಇನ್ನೊಂದು ಕದಲುವುದಿಲ್ಲ. ಜಾಗ ಇಲ್ಲದ ಲ್ಯಾಪ್‌ಟಾಪ್ ಪರದೆಯಲ್ಲಿ ಹೊರಡುವ ಮುಂಚೆ ಕಂಟ್ರೋಲ್-ಸ್ಪೇಸ್ ಎರಡು ಸಲ ಒತ್ತಿ ಗುರುತು ಹಾಕುತ್ತೇನೆ, ವಾಪಸ್ ಬರಲು ಕಂಟ್ರೋಲ್-ಯು ಕಂಟ್ರೋಲ್-ಸ್ಪೇಸ್. ಸ್ಕ್ರೋಲ್-ರಿಸ್ಟೋರ್ ಅನ್ನುವ ಪ್ಯಾಕೇಜ್ ಕೂಡ ಇದೆ, ಸ್ಕ್ರೋಲ್ ಮುಗಿದ ಮೇಲೆ ಪಾಯಿಂಟನ್ನು ಹಳೇ ಜಾಗಕ್ಕೆ ತಂದು ಕೂರಿಸುತ್ತದೆ. ನನಗೆ ವಿಂಡೋ ಒಡೆಯುವುದೇ ವಾಸಿ.

ಇನ್ನು ಕನ್ನಡ. ನಮ್ಮವರಿಗೆ ಜಾಸ್ತಿ ಮುಖ್ಯವಾದ ಭಾಗ ಇದು.

ಅಕ್ಷರ ಜೋಡಣೆಗೆ 2020ರ 27.1ನೇ ಆವೃತ್ತಿಯಿಂದ ಹಾರ್ಫ್‌ಬಜ್ ಅನ್ನುವ ಲೈಬ್ರರಿ ಬಂದಿದೆ. ಒಳ್ಳೆಯ ಫಾಂಟ್ ಇದ್ದರೆ ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆ. ತೊಂದರೆ ಇರುವುದು ಕರ್ಸರ್ ಎಲ್ಲಿ ನಿಲ್ಲಬೇಕು ಅನ್ನುವುದರಲ್ಲಿ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಫೈಲಿನಲ್ಲಿ ಆರು ಕೋಡ್‌ಪಾಯಿಂಟ್ (ಯೂನಿಕೋಡಿನ ಬಿಡಿ ಸಂಕೇತಗಳು): ಸ, ಹಲಂತದ ಗುರುತು (್), ತ, ಮತ್ತೆ ಹಲಂತದ ಗುರುತು, ರ, ದೀರ್ಘ ಈಕಾರದ ಗುರುತು. ಕರ್ಸರ್ ಇದರ ಮುಂದೆ ಅಥವಾ ಹಿಂದೆ ಮಾತ್ರ ನಿಲ್ಲುತ್ತದೆ. ಬಲ ಬಾಣ ಒತ್ತಿದರೆ ಒಂದೇ ಹೆಜ್ಜೆಗೆ ಆರನ್ನೂ ದಾಟುತ್ತದೆ, ಯಾಕೆಂದರೆ ಪ್ರತಿ ಆಜ್ಞೆ ಮುಗಿದ ಮೇಲೆ ಪಾಯಿಂಟ್ ಗುಂಪಿನ ಮಧ್ಯೆ ಬಿದ್ದಿದ್ದರೆ ಅದನ್ನು ಈಮ್ಯಾಕ್ಸ್ ಅಂಚಿಗೆ ದೂಡುತ್ತದೆ. ಒಳಗಿನ ತ ಒಂದನ್ನು ಬದಲಿಸಬೇಕಾದರೆ? ಅಕ್ಷರದ ಕೊನೆಯಲ್ಲಿ ನಿಂತು ಬ್ಯಾಕ್‌ಸ್ಪೇಸ್ ಒತ್ತುತ್ತಾ ಬನ್ನಿ. ಅದು ಒಂದೊಂದೇ ಕೋಡ್‌ಪಾಯಿಂಟ್ ಅಳಿಸುತ್ತದೆ, ಮೊದಲು ಈಕಾರ ಹೋಗುತ್ತದೆ, ಆಮೇಲೆ ರ, ಹೀಗೆ. ಅಕ್ಷರದ ಶುರುವಿನಲ್ಲಿ ನಿಂತು ಡಿಲೀಟ್ ಒತ್ತಿದರೆ 29ರಿಂದ ಇಡೀ ಗುಂಪೇ ಮಾಯ. ಈ ವ್ಯತ್ಯಾಸ ನೆನಪಿದ್ದರೆ ಎಷ್ಟೋ ಸಿಟ್ಟು ಕಡಿಮೆಯಾಗುತ್ತದೆ.

ಆದರೂ ಇದರಲ್ಲಿ ಎಂಜಿನ್ನನ್ನೇ ಪೂರ್ತಿ ದೂರಲು ಮನಸ್ಸಾಗುವುದಿಲ್ಲ. 'ಸೂರ್ಯ' ನೋಡಿ. ಫೈಲಿನಲ್ಲಿ ರ ಮೊದಲು, ಯ ಆಮೇಲೆ. ಪರದೆಯಲ್ಲಿ ಯ ಮೊದಲು, ಅರ್ಕಾವತ್ತು ಆಮೇಲೆ. ಇವೆರಡರ ನಡುವೆ ಕರ್ಸರ್ ಇಡು ಅಂದರೆ ಎಲ್ಲಿ ಇಡಬೇಕು? ಯಾವ ಎಡಿಟರ್ ಆದರೂ ತಡವರಿಸಲೇಬೇಕಾದ ಜಾಗ ಅದು.

29ರಲ್ಲಿ ಕಾಂಪೊಸಿಷನ್-ಬ್ರೇಕ್-ಅಟ್-ಪಾಯಿಂಟ್ ಅನ್ನುವ ಆಯ್ಕೆ ಕೊಟ್ಟಿದ್ದಾರೆ. ಆನ್ ಮಾಡಿದರೆ ಕರ್ಸರ್ ಹತ್ತಿರ ಬಂದ ಗುಂಪು ಬಿಡಿಬಿಡಿಯಾಗಿ ಒಡೆಯುತ್ತದೆ, ಒಳಗೆ ಹೋಗಿ ತಿದ್ದಬಹುದು. ಆದರೆ ಬಾಣ ಒತ್ತಿದಂತೆಲ್ಲ ಪದದ ಅಗಲ ಬದಲಾಗಿ ಸಾಲು ಅತ್ತಿತ್ತ ಕುಣಿಯುತ್ತದೆ. ಯಾವಾಗಲೂ ಆನ್ ಇಟ್ಟುಕೊಳ್ಳಲು ನನ್ನಿಂದ ಆಗಲಿಲ್ಲ. ಆನ್-ಆಫ್ ಮಾಡಲು ಒಂದು ಕೀಲಿ ಕಟ್ಟಿಕೊಂಡಿದ್ದೇನೆ, ಅಷ್ಟು ಸಾಕು.

ಸಣ್ಣಪುಟ್ಟದ್ದು ಇನ್ನೂ ಇವೆ. ಸಾಲು ಮುಗಿದ ಮೇಲಿನ ಖಾಲಿ ಜಾಗದಲ್ಲಿ ಕರ್ಸರ್ ಇಡಲು ಆಗುವುದಿಲ್ಲ. ವಿಮ್ ಎಡಿಟರಿನಲ್ಲಿ ಅದಕ್ಕೆ ವರ್ಚುವಲ್‌ಎಡಿಟ್ ಅನ್ನುವ ಆಯ್ಕೆ ಇದೆ, ಇಲ್ಲಿ ಪಿಕ್ಚರ್ ಮೋಡ್‌ಗೆ ಹೋಗಬೇಕು, ಅದು ನಿಜವಾದ ಸ್ಪೇಸ್‌ಗಳನ್ನೇ ತುಂಬುತ್ತದೆ. ಹಲವು ಕರ್ಸರ್ ಕೊಡುವ ಪ್ಯಾಕೇಜಿನಲ್ಲೂ ನಿಜವಾದ ಪಾಯಿಂಟ್ ಒಂದೇ, ಉಳಿದವು ಬಣ್ಣ ಬಳಿದ ಗುರುತುಗಳು. ಕೆಲಸ ನಡೆಯುತ್ತದೆ, ಆದರೆ ಕೆಲವು ಆಜ್ಞೆಗಳು ಆ ಗುರುತುಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ಯಾರಿಗೆ ಹೇಳಲಿ? ಕೀಬೋರ್ಡಿನಲ್ಲೇ ಓಡಾಡುವವರು, ಹುಡುಕಾಟದಿಂದಲೇ ಜಾಗಕ್ಕೆ ಹಾರುವವರು ಧೈರ್ಯವಾಗಿ ಬನ್ನಿ, ಈ ನಿಯಮ ನಿಮಗೆ ಅಡ್ಡ ಬರುವುದೇ ಅಪರೂಪ. ಕನ್ನಡದ ಉದ್ದ ಲೇಖನದ ಕರಡು ತಿದ್ದುವುದು, ಮೌಸಿನಲ್ಲಿ ಮೇಲೆ ಕೆಳಗೆ ನೋಡುತ್ತಾ ಮಧ್ಯೆ ಮಧ್ಯೆ ಕೈ ಹಾಕುವುದು, ಇದೇ ದಿನದ ಕೆಲಸ ಆದರೆ ಲಿಬ್ರೆಆಫೀಸ್ ಸಾಕು. ಬಂದೇ ಬರುತ್ತೇನೆ ಅನ್ನುವ ಕನ್ನಡಿಗರು 29ಕ್ಕಿಂತ ಹಳೇ ಆವೃತ್ತಿ ಹಾಕಿಕೊಳ್ಳಬೇಡಿ. ಆರ್ಗ್ (ಈಮ್ಯಾಕ್ಸ್ ಒಳಗಿನ ಟಿಪ್ಪಣಿ ಮೋಡ್) ಕೋಷ್ಟಕಗಳಲ್ಲಿ ಕನ್ನಡ ಬರೆಯುವುದಿದ್ದರೆ ವ್ಯಾಲೈನ್ ಪ್ಯಾಕೇಜನ್ನೂ ಹಾಕಿಕೊಳ್ಳಿ, ಇಲ್ಲದಿದ್ದರೆ ಅಂಕಣದ ಗೆರೆಗಳು ಒಂದೂ ನೇರ ನಿಲ್ಲುವುದಿಲ್ಲ.